ಗೋವಿನಜೋಳಕ್ಕೆ ಪೊಟ್ಟಣದ ಮೇಲೂ ಹೆಸರಿರಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆ ಬೆಳಿಗ್ಗೆ ಏಳಕ್ಕೆ ನಮ್ಮ ಅಂಗಡಿಗೆ ಬರುತ್ತದೆ. ನಮ್ಮ ಮನೆಯವರು ಮೊದಲು ತೆರೆಯುವುದು ಪೇಟೆ ಧಾರಣೆಯ ಪುಟ. ರಾಣೆಬೆನ್ನೂರು, ಹಾವೇರಿ, ದಾವಣಗೆರೆಗಳಲ್ಲಿ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಎಷ್ಟಕ್ಕೆ ಹೋಯಿತೆಂದು ಬೆರಳಿಟ್ಟು ನೋಡಿದ ಮೇಲೇ ಚಹಾದ ಕಪ್ಪಿಗೆ ಕೈ ಹಾಕುತ್ತಾರೆ. ನಮಗೆ ಆರು ಎಕರೆ ಮಸಾರಿ ಹೊಲವಿದೆ. ನಾಲ್ಕು ಎಕರೆಗೆ ಪ್ರತಿ ಮುಂಗಾರಿಗೂ ಗೋವಿನಜೋಳವೇ. ಊರಿನ ಬಸ್ ನಿಲ್ದಾಣದ ಎದುರಿಗಿರುವ ಕಿರಾಣಿ ಅಂಗಡಿ ನನ್ನದು, ಇಪ್ಪತ್ತೆರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಹೊಲದಿಂದ ಚೀಲದಲ್ಲಿ ಹೋದ ಕಾಳೇ ಬೇರೆ ಬೇರೆ ವೇಷ ಹಾಕಿಕೊಂಡು ನನ್ನ ಅಂಗಡಿಯ ಹಲಗೆಗೆ ತಿರುಗಿ ಬರುತ್ತದೆ ಎಂಬುದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ. ತಿಳಿದದ್ದು ಹೋದ ಮಳೆಗಾಲದಲ್ಲಿ, ನಮ್ಮ ಅತ್ತೆಯ ಜೀವಕ್ಕೆ ಬಂದಾಗ.

ಅತ್ತೆಗೆ ಎಪ್ಪತ್ನಾಲ್ಕು ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಚಹಾಕ್ಕೆ ಸಕ್ಕರೆ ಬಿಟ್ಟು, ಹೋಳಿಗೆ ಬಿಟ್ಟು, ದಿನಾ ಎರಡು ಜೋಳದ ರೊಟ್ಟಿ, ಕಾಳು ಪಲ್ಯೆ ತಿಂದು, ಗುಳಿಗೆ ನುಂಗಿ ಕಾಯಿಲೆಯನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಂಡಿದ್ದರು. ಹೋದ ಶ್ರಾವಣಕ್ಕೆ ಹತ್ತು ದಿನ ಜ್ವರ ಬಂತು. ಜ್ವರ ಬಿಟ್ಟರೂ ನಿಶ್ಶಕ್ತಿ ಬಿಡಲಿಲ್ಲ. ರೊಟ್ಟಿ ಸೇರುತ್ತಿರಲಿಲ್ಲ. ಅಂಗಡಿಗೆ ಸರಕು ಹಾಕಲು ಬಂದ ಹುಡುಗ, ಹಾಲಿಗೆ ಕದಡಿ ಕುಡಿಯುವ ಪುಡಿಯ ಒಂದು ಡಬ್ಬಿ ತೋರಿಸಿ, "ಅಕ್ಕಾರ, ಶುಗರ್ ಇದ್ದವ್ರೂ ಕುಡೀಬೌದ್ರಿ, ನೋಡ್ರಿಲ್ಲೆ, ಸಕ್ರಿ ಹಾಕಿಲ್ಲಂತ ಬರದಾರ" ಎಂದ. ಡಬ್ಬಿಯ ಮುಂದೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಬರೆದಿತ್ತು. ನಾನು ಏಳನೇ ಇಯತ್ತೆಯವರೆಗೆ ಓದಿದವಳು, ಅಷ್ಟು ಇಂಗ್ಲಿಷ್ ಕೂಡಿಸಿ ಓದಬಲ್ಲೆ. ನಂಬಿದೆ. ದಿನಕ್ಕೆ ಎರಡು ಹೊತ್ತು, ಬೆಚ್ಚನೆಯ ಹಾಲಿಗೆ ಮೂರು ಚಮಚ ಕದಡಿ ಕೊಟ್ಟೆ. ಅತ್ತೆಗೆ ರುಚಿ ಹತ್ತಿತು. "ಇದು ಚೊಲೊ ಐತವಾ, ನಾಲಿಗಿಗೆ ಹಿತ ಅನಸ್ತೈತಿ" ಎಂದು ಲೋಟ ತಳ ಕಾಣುವಂತೆ ಕುಡಿಯುತ್ತಿದ್ದರು.

ಮೂರನೇ ವಾರಕ್ಕೆ ಬಾಯಾರಿಕೆ ಶುರುವಾಯಿತು. ರಾತ್ರಿ ಐದಾರು ಸಲ ಏಳುತ್ತಿದ್ದರು. ಒಂದು ಮುಂಜಾನೆ ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕಲು ಹೋಗಿ, ಹಣತೆ ಕಾಣದೆ ಹೊರಗೆ ಸುರಿದರು. ತಾಲ್ಲೂಕಿನ ದವಾಖಾನೆಗೆ ಕರೆದುಕೊಂಡು ಹೋದೆವು. ಸಕ್ಕರೆ ಮುನ್ನೂರು ದಾಟಿತ್ತು. ಡಾಕ್ಟರು ಒಂದೊಂದಾಗಿ ಕೇಳುತ್ತಾ ಹೋದರು: ಗುಳಿಗೆ ತಪ್ಪಿಸಿದಿರಾ, ಹಣ್ಣು ಕೊಟ್ಟಿರಾ, ಮದುವೆ ಮನೆಗೆ ಹೋಗಿದ್ದಿರಾ? ಎಲ್ಲಕ್ಕೂ ಇಲ್ಲ ಎಂದೆ. ಕಡೆಗೆ, "ಹೊಸದಾಗಿ ಏನರೆ ಕೊಡಾಕತ್ತೀರೇನು?" ಎಂದು ಕೇಳಿದಾಗ ಡಬ್ಬಿಯ ನೆನಪಾಯಿತು. ಮರುದಿನ ಅದನ್ನು ಒಯ್ದು ತೋರಿಸಿದೆ. ಅವರು ಮುಂದೆ ಬರೆದದ್ದನ್ನು ನೋಡಲೇ ಇಲ್ಲ, ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದರು. "ಇದನ್ನ ಯಾರು ಕೊಟ್ರು?" "ನಾನ ರೀ, ನಮ್ಮ ಅಂಗಡ್ಯಾಂದು" ಎಂದೆ. ಆ ಮಾತು ಹೇಳುವಾಗ ನನಗಾದ ಸಂಕಟ ಈಗ ಬರೆಯುವಾಗಲೂ ಹಾಗೇ ಇದೆ.

ಅವರು ಬೈಯಲಿಲ್ಲ. ಬೆರಳಿಟ್ಟು ತೋರಿಸಿದರು. ಮೊದಲು ಹಾಲಿನ ಪುಡಿ, ಎರಡನೆಯದು ಮಾಲ್ಟೋಡೆಕ್ಸ್‌ಟ್ರಿನ್. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು ಎಂಬ ನಿಯಮವಿದೆ, ಎರಡನೆಯದು ಎಂದರೆ ಡಬ್ಬಿಯಲ್ಲಿ ಅದು ಬಹಳ ಇದೆ ಎಂದರ್ಥ. ನಾಲಿಗೆಗೆ ಅದು ಸಕ್ಕರೆಯಷ್ಟು ಸಿಹಿ ಹತ್ತುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಸಕ್ಕರೆಯೂ ಅಲ್ಲ, ಹಿಂದಿನ ಪಟ್ಟಿಯಲ್ಲಿ ಕಾರ್ಬೋಹೈಡ್ರೇಟ್ ಎಂಬ ಸಾಲಿಗೆ ಸೇರುತ್ತದೆ. ಹೊಟ್ಟೆಗೆ ಹೋದ ಮೇಲೆ ಮಾತ್ರ ಬೇಗ ಗ್ಲೂಕೋಸ್ ಆಗಿ, ಮನೆಯ ಸಕ್ಕರೆಗಿಂತಲೂ ಚುರುಕಾಗಿ ರಕ್ತಕ್ಕೆ ಏರುತ್ತದೆ. "ಯಾತರಿಂದ ಮಾಡ್ತಾರ್ರೀ ಇದನ್ನ?" ಎಂದು ಕೇಳಿದೆ. ಡಾಕ್ಟರು ನಮ್ಮ ಮನೆಯವರ ಕಡೆ ನೋಡಿ, "ನೀವು ಬೆಳೀತೀರಲ್ಲ, ಬಹುತೇಕ ಅದರಿಂದನ" ಎಂದರು.

ಅಂದಿನಿಂದ ನಾನು ಬಿಡಿಸಿ ಕೇಳಲು ಶುರು ಮಾಡಿದೆ. ಗೋಕಾಕದ ಕಡೆ ಗೋವಿನಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆ ಬಹಳ ವರ್ಷದಿಂದ ಇದೆ, ನಮ್ಮ ಜಿಲ್ಲೆಗೂ ಬಂದಿದೆ. ಇಂಥದ್ದೊಂದರಲ್ಲಿ ನನ್ನ ಅಣ್ಣನ ಮಗ ಪಾಳಿ ಕೆಲಸ ಮಾಡುತ್ತಾನೆ. ದೀಪಾವಳಿಗೆ ಬಂದಾಗ ಕೂಡಿಸಿಕೊಂಡು ಕೇಳಿದೆ. ಅವನು ಹೇಳಿದ್ದೆಲ್ಲ ನನಗೆ ಕುರಡಿಗಿ, ಅಂದರೆ ಗೋದಿ ಹಾಲಿನ ಸಂಡಿಗೆ, ಮಾಡುವುದರ ಹಾಗೇ ಕೇಳಿಸಿತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಕೆಲಸ ಅದು: ಗೋದಿಯನ್ನು ಮೂರು ದಿನ ನೀರು ಬದಲಿಸುತ್ತಾ ನೆನೆ ಹಾಕಿ, ರುಬ್ಬಿ, ಅರಿವೆಯಲ್ಲಿ ಸೋಸಿ, ಹಾಲನ್ನು ರಾತ್ರಿಯಿಡೀ ತಣಿಯಲು ಬಿಟ್ಟು, ಮೇಲಿನ ತಿಳಿ ಚೆಲ್ಲಿ, ತಳದಲ್ಲಿ ಕೂತ ಬೆಳ್ಳನೆಯ ಗಷ್ಟನ್ನು ಕಾಯಿಸಿ, ಒತ್ತಿ, ಬಿಸಿಲಿಗೆ ಒಣಗಿಸುತ್ತೇವೆ. ಕಾರ್ಖಾನೆಯಲ್ಲೂ ಕಾಳನ್ನು ಗಂಧಕದ ಅನಿಲ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಒಂದೂವರೆ ಎರಡು ದಿನ ನೆನೆಸುತ್ತಾರೆ. ಮೆತ್ತಗಾದ ಕಾಳನ್ನು ಒಡೆದಾಗ ಮೊಳಕೆಯ ಭಾಗ ಹಗುರಾಗಿ ಬೇರೆಯಾಗುತ್ತದೆ, ಅದರಿಂದ ಎಣ್ಣೆ. ಸಿಪ್ಪೆ ದನದ ಹಿಂಡಿಗೆ. ಪ್ರೋಟೀನು ಇರುವ ಹಳದಿ ಭಾಗ ಕೋಳಿಯ ಮೇವಿಗೆ. ಎಲ್ಲ ಹೋಗಿ ಉಳಿಯುವ ಬಿಳಿ ಹಾಲೇ ಪಿಷ್ಟ, ನೂರು ಕೆ.ಜಿ. ಕಾಳಿಗೆ ಅರವತ್ತು ಕೆ.ಜಿ.ಗೂ ಮೇಲೆ ಸಿಗುತ್ತದೆಯಂತೆ. ಒಣಗಿಸಿ ಪುಡಿ ಮಾಡಿದರೆ ನಾವು ಕಾರ್ನ್‌ಫ್ಲೋರ್ ಎಂದು ಮಾರುವ ವಸ್ತು.

ಅಲ್ಲಿಗೆ ನಮ್ಮ ಕುರಡಿಗಿಯ ಹಾದಿ ಮುಗಿಯುತ್ತದೆ, ಅವರದು ಮುಂದುವರಿಯುತ್ತದೆ. ರೊಟ್ಟಿಯ ತುಣುಕನ್ನು ಬಹಳ ಹೊತ್ತು ಅಗಿದರೆ ಬಾಯಲ್ಲಿ ಸಿಹಿಯಾಗುತ್ತದಲ್ಲ, ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಆಗುವುದು ಅದು. ಅಂಥದ್ದೇ ಕಿಣ್ವವನ್ನು ಕಾರ್ಖಾನೆಯವರು ಬಿಸಿ ಪಿಷ್ಟಕ್ಕೆ ಹಾಕುತ್ತಾರೆ. ಸ್ವಲ್ಪ ಒಡೆದಾಗ ನಿಲ್ಲಿಸಿದರೆ ಮಾಲ್ಟೋಡೆಕ್ಸ್‌ಟ್ರಿನ್. ಇನ್ನಷ್ಟು ಒಡೆದರೆ ಲಿಕ್ವಿಡ್ ಗ್ಲೂಕೋಸ್ ಎನ್ನುವ ಗಟ್ಟಿ ಪಾಕ. ಪೂರ್ತಿ ಒಡೆದು ಹರಳು ಕಟ್ಟಿಸಿದರೆ ಡೆಕ್ಸ್‌ಟ್ರೋಸ್, ಅದೇ ಬೇಸಿಗೆಯಲ್ಲಿ ಎಲ್ಲರೂ ಒಯ್ಯುವ ಗ್ಲೂಕೋಸ್ ಪುಡಿ. ಅದಕ್ಕೆ ಜಲಜನಕ ಕೂಡಿಸಿದರೆ ಸಾರ್ಬಿಟಾಲ್, ಅದು ಹಲ್ಲುಜ್ಜುವ ಪೇಸ್ಟಿಗೂ ಕೆಮ್ಮಿನ ಔಷಧಕ್ಕೂ ಹೋಗುತ್ತದೆ. ಹುಡುಗ ಬೆರಳು ಮಡಚಿ ಎಣಿಸುತ್ತಿದ್ದರೆ ಅಡುಗೆ ಮನೆಯಲ್ಲಿದ್ದವರೆಲ್ಲ ಕೈಕೆಲಸ ಬಿಟ್ಟು ಕೇಳುತ್ತಿದ್ದರು.

ಆ ರಾತ್ರಿ ಅಂಗಡಿಯ ಅರ್ಧ ಷಟರ್ ಇಳಿಸಿ, ನಮ್ಮ ಮಗಳನ್ನು ಕೂಡಿಸಿಕೊಂಡು ಹಲಗೆ ಹಲಗೆ ನೋಡಿದೆ. ಮಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಓದುತ್ತಿದ್ದಾಳೆ. ಅವಳು ಓದುತ್ತಾ ಹೋದಳು, ನಾನು ಹಳೆಯ ಲೆಕ್ಕದ ಬುಕ್ಕಿನ ಹಿಂದೆ ಬರೆದುಕೊಳ್ಳುತ್ತಾ ಹೋದೆ. ಒಂದು ರೂಪಾಯಿಯ ಚಾಕಲೇಟುಗಳಲ್ಲಿ ಸಕ್ಕರೆಯ ಹಿಂದೆಯೇ ಲಿಕ್ವಿಡ್ ಗ್ಲೂಕೋಸ್. ಐದು ರೂಪಾಯಿಯ ಹಳದಿ ಕುರುಕಲಿನಲ್ಲಿ ಕಾರ್ನ್ ಮೀಲ್, ಅದರ ಮಸಾಲೆಯಲ್ಲಿ ಮತ್ತೆ ಮಾಲ್ಟೋಡೆಕ್ಸ್‌ಟ್ರಿನ್. ಸೂಪಿನ ಪುಡಿಯಲ್ಲಿ ಕಾರ್ನ್‌ಫ್ಲೋರ್, ಬೇಕಿಂಗ್ ಪೌಡರಿನಲ್ಲಿ ಪಿಷ್ಟ, ನೂಡಲ್ಸಿನ ಮಸಾಲೆ ಚೀಟಿಯಲ್ಲಿ ಪಿಷ್ಟ. ಸಾಸಿನ ಬಾಟಲಿಯಲ್ಲಿ ಐಎನ್ಎಸ್ 1422 ಎಂಬ ಸಂಖ್ಯೆ. ಮಗಳು ತನ್ನ ಪಠ್ಯ ತೆಗೆದು ನೋಡಿ, ಅದು ರಾಸಾಯನಿಕವಾಗಿ ಮಾರ್ಪಡಿಸಿದ ಪಿಷ್ಟ, ಸಾಸ್ ನೀರಾಗದೆ ಗಟ್ಟಿ ನಿಲ್ಲಲು ಹಾಕುತ್ತಾರೆ ಎಂದಳು. ಇವೆಲ್ಲವೂ ಗೋವಿನಜೋಳದ್ದೇ ಎಂದು ನಾನು ಆಣೆ ಮಾಡಲಾರೆ. ಮರಗೆಣಸಿನ ಪಿಷ್ಟವೂ ಇರಬಹುದು, ಆಲೂಗಡ್ಡೆಯದೂ ಇರಬಹುದು. ಯಾತರದು ಎಂದು ಆ ಪೊಟ್ಟಣಗಳ ಮೇಲೆ ಬಹಳ ಕಡೆ ಬರೆದಿಲ್ಲ, ಬರೆಯಬೇಕೆಂದು ಕಡ್ಡಾಯವೂ ಇಲ್ಲ. ಬರೀ ‘ಪಿಷ್ಟ’ ಎಂದರೆ ನಿಯಮಕ್ಕೆ ಸಾಕು. ನನ್ನ ತಕರಾರು ಇರುವುದು ಇಲ್ಲೇ.

ಕಸ್ಟರ್ಡ್ ಪುಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ರಂಜಾನಿನಲ್ಲಿ, ಮದುವೆ ಕಾಲದಲ್ಲಿ ನಾನು ಬಹಳ ಮಾರುವ ಸರಕು ಅದು. ಅದರಲ್ಲಿ ಹಾಲಿನ ಸಾರವೋ ತತ್ತಿಯ ಹಳದಿಯೋ ಇರಬೇಕೆಂದು ನಾನೂ ನಂಬಿದ್ದೆ, ಕೊಳ್ಳುವವರೂ ನಂಬಿದ್ದಾರೆ. ಪಟ್ಟಿ ಓದಿದರೆ ಗೋವಿನಜೋಳದ ಪಿಷ್ಟ, ಉಪ್ಪು, ಬಣ್ಣ, ಪರಿಮಳ, ಅಷ್ಟೇ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ತನ್ನ ಹೆಂಡತಿಗೆ ತತ್ತಿ ಒಗ್ಗುತ್ತಿರಲಿಲ್ಲವೆಂದು ತತ್ತಿಯಿಲ್ಲದ ಈ ಪುಡಿಯನ್ನು ಕಂಡುಹಿಡಿದನಂತೆ. ಹೆಂಡತಿಯ ಮೇಲಿನ ಕಾಳಜಿಯಿಂದ ಹುಟ್ಟಿದ ವಸ್ತು. ಅದರ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಬಾಣಂತಿಗೆ ಶಕ್ತಿ ಬರಲಿ ಎಂದು ಒಬ್ಬ ತಾಯಿ ನನ್ನ ಅಂಗಡಿಯಿಂದ ಅದನ್ನು ಒಯ್ದಳು, ನಾನು ಕೊಟ್ಟು ಕಳಿಸಿದೆ. ಗೊತ್ತಿದ್ದರೆ ಶೇಂಗಾ ಒಯ್ಯಿರಿ ಎನ್ನುತ್ತಿದ್ದೆ.

ಕಾರ್ನ್‌ಫ್ಲೋರ್ ಎಂಬ ಹೆಸರೇ ದೊಡ್ಡ ಗೊಂದಲ. ಫ್ಲೋರ್ ಎಂದರೆ ಹಿಟ್ಟು, ಆದ್ದರಿಂದ ಅದು ಗೋವಿನಜೋಳದ ಹಿಟ್ಟು ಎಂದು ಜನ ತಿಳಿಯುತ್ತಾರೆ. ನಮ್ಮ ಊರ ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಹಳದಿಯಾಗಿರುತ್ತದೆ. ಅದರಲ್ಲಿ ನಾರು, ಒಂದಿಷ್ಟು ಎಣ್ಣೆಯ ಅಂಶ ಇರುತ್ತದೆ, ನೂರು ಗ್ರಾಮಿಗೆ ಸುಮಾರು ಒಂಬತ್ತು ಗ್ರಾಮ್ ಪ್ರೋಟೀನು ಇರುತ್ತದೆ. ಬಾಕ್ಸಿನ ಬಿಳಿ ಪುಡಿಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಸಂಜೆ ಗೋಬಿ ಮಂಚೂರಿ ಗಾಡಿಯವರು ನನ್ನ ಹತ್ತಿರವೇ ಅದನ್ನು ಕಿಲೋಗಟ್ಟಲೆ ಒಯ್ಯುತ್ತಾರೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧಿಸಿತು, ಒಳ್ಳೆಯದೇ ಆಯಿತು. ಬಣ್ಣದ ಬಗ್ಗೆ ಊರೆಲ್ಲ ಮಾತಾಡಿತು, ಬಣ್ಣದ ಕೆಳಗಿನ ಹಿಟ್ಟಿನ ಬಗ್ಗೆ ಯಾರೂ ಕೇಳಲಿಲ್ಲ.

ಇಷ್ಟು ಓದಿದವರು, ಈಕೆ ಗೋವಿನಜೋಳದ ವೈರಿ ಎಂದುಕೊಳ್ಳಬಾರದು. ನಮ್ಮ ಮಗಳ ಕಾಲೇಜು ಫೀ, ಮನೆಯ ಮೇಲಿನ ತಗಡು, ಅತ್ತೆಯ ಗುಳಿಗೆಯ ಖರ್ಚು, ಎಲ್ಲವೂ ಈ ಬೆಳೆಯಿಂದ ಬಂದದ್ದು. 2018ರಲ್ಲಿ ಶಿವಮೊಗ್ಗದ ಕಡೆ ದೇಶದಲ್ಲೇ ಮೊದಲ ಸಲ ಫಾಲ್ ಸೈನಿಕ ಹುಳು ಕಾಣಿಸಿತು. ಅದು ನಮ್ಮ ಹೊಲಕ್ಕೆ ಬಂದಾಗ ಸುಳಿಯಲ್ಲಿ ಕೂತು ತಿನ್ನುವ ಹುಳುವನ್ನು ಗಿಡ ಗಿಡಕ್ಕೆ ಬಾಗಿ ಕಡ್ಡಿಯಿಂದ ತೆಗೆದು ಹೊಸಕಿದವರು ನಾವು. ಎಳೆ ತೆನೆಯನ್ನು ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಲಿಂಬೆ ಸವರಿ ತಿನ್ನುವ ಸುಖ ಯಾವ ಪೊಟ್ಟಣದಲ್ಲೂ ಇಲ್ಲ. ಗ್ಲೂಕೋಸನ್ನೂ ನಾನು ವಿಷ ಎನ್ನುವುದಿಲ್ಲ. ವಾಂತಿ ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ಪುಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಲೀಟರಿಗೆ 13.5 ಗ್ರಾಮ್ ಗ್ಲೂಕೋಸ್ ಇರಲೇಬೇಕು, ಆ ಗ್ಲೂಕೋಸ್ ಇದ್ದರೇ ಕರುಳು ಉಪ್ಪನ್ನೂ ನೀರನ್ನೂ ಎಳೆದುಕೊಳ್ಳುತ್ತದೆ. ಅತ್ತೆಗೆ ಜ್ವರ ಬಂದಾಗ ನುಂಗಿದ ಗುಳಿಗೆ ಪುಡಿಯಾಗದೆ ನಿಲ್ಲುವುದೂ ಹೊಟ್ಟೆಯಲ್ಲಿ ಕರಗುವುದೂ ಇದೇ ಪಿಷ್ಟದಿಂದ ಇರಬಹುದು. ಅಳತೆ ಬರೆದು, ಹೆಸರು ಬರೆದು, ಯಾರಿಗೆ ಎಷ್ಟು ಎಂದು ಹೇಳಿ ಕೊಟ್ಟಾಗ ಅದು ಜೀವ ಉಳಿಸುತ್ತದೆ.

ನನ್ನ ಬಾಲ್ಯದ ಒಂದು ನೆನಪು. 1977–78ರ ಸುಮಾರಿಗೆ ನಾನು ಮೂರನೇ ಇಯತ್ತೆ. ಶಾಲೆಯ ಹಿಂದಿನ ಛಪ್ಪರದಲ್ಲಿ ದೊಡ್ಡ ಬೋಗುಣಿಯಲ್ಲಿ ಹಳದಿ ರವೆಯ ಉಪ್ಪಿಟ್ಟು ಬೇಯುತ್ತಿತ್ತು. ಅಮೆರಿಕದಿಂದ ಕೇರ್ ಸಂಸ್ಥೆ ಕಳಿಸುತ್ತಿದ್ದ ರವೆ, ಆದ್ದರಿಂದ ಅದು ‘ಕೇರ್ ಉಪ್ಪಿಟ್ಟು’. ನನ್ನ ವಯಸ್ಸಿನ ಓದುಗರಿಗೆ ಆ ವಾಸನೆ ಈಗಲೂ ನೆನಪಿರುತ್ತದೆ. ಮುತ್ತುಗದ ಎಲೆಯ ಮೇಲೆ ಹಾಕಿಸಿಕೊಂಡು, ಅರ್ಧ ತಿಂದು, ಅರ್ಧ ತಮ್ಮನಿಗೆಂದು ಮನೆಗೆ ಒಯ್ಯುತ್ತಿದ್ದೆ. ದೂರದ ದೇಶದಿಂದ ಬಂದದ್ದಾದರೂ ಅದು ಏನೆಂದು ನಮಗೆ ಗೊತ್ತಿತ್ತು. ಹಳದಿ ಬಣ್ಣ ನೋಡಿ ನಮ್ಮವ್ವ, "ಗ್ವಾವಿನಜ್ವಾಳದ ನುಚ್ಚು ಐತಿದು" ಎಂದು ಕೈಯಲ್ಲಿ ಹಿಡಿದು ಹೇಳಿದ್ದಳು. ಇಂದು ನಮ್ಮ ಊರ ಕಾಳೇ ನನ್ನ ಕೈಯಲ್ಲಿದ್ದರೂ ನನಗೆ ಗುರುತು ಸಿಗುವುದಿಲ್ಲ.

ಮಗಳು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತಿದೆ. ಈ ಕಾಳಿನ ತವರು ಮೆಕ್ಸಿಕೊ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿನ ಜನ ಒಂದು ಕಾಡುಹುಲ್ಲನ್ನು ಪಳಗಿಸಿ ಇದನ್ನು ಮಾಡಿಕೊಂಡರು. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಆಮೇಲೆ ಅರೆದು ರೊಟ್ಟಿ ಮಾಡುತ್ತಾರೆ. ಬಿಳಿಯರು ಕಾಳನ್ನು ಒಯ್ದರು, ಸುಣ್ಣದ ಪಾಠವನ್ನು ಅಲ್ಲೇ ಬಿಟ್ಟರು. ಸ್ಪೇನ್, ಇಟಲಿಗಳಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬರೀ ಇದನ್ನೇ ತಿಂದ ಬಡವರಿಗೆ ಪೆಲಾಗ್ರ ಎಂಬ ರೋಗ ಬಂತು: ಚರ್ಮ ಸುಟ್ಟಂತಾಗಿ, ಭೇದಿ ಹತ್ತಿ, ಬುದ್ಧಿ ಕದಡಿ ಸಾಯುತ್ತಿದ್ದರು. 1914ರಿಂದ ಅಲ್ಲಿ ಓಡಾಡಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಸರ್ಕಾರಿ ವೈದ್ಯ, ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ತೋರಿಸಿಕೊಟ್ಟ. ಕಾಳಿನಲ್ಲಿರುವ ನಯಾಸಿನ್ ಎಂಬ ಜೀವಸತ್ವವನ್ನು ಸುಣ್ಣವೇ ಬಿಡಿಸಿ ಕೊಡುತ್ತಿತ್ತು ಎಂದು ತಿಳಿದದ್ದು ಇನ್ನೂ ಆಮೇಲೆ. ಇದು ಬೇರೆಯವರ ಕಥೆ ಮಾತ್ರವೂ ಅಲ್ಲ. ನಮ್ಮ ದಖ್ಖನ್ನಿನಲ್ಲಿ ಬರೀ ಬಿಳಿಜೋಳ ಉಂಡ ಬಡವರಲ್ಲೂ ಅದೇ ರೋಗ ಇದ್ದದ್ದನ್ನು ಹೈದರಾಬಾದಿನ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿನಲ್ಲಿ ಬರೆದಿದ್ದಾರೆ. ಇದನ್ನು ಕೇಳಿದಾಗ, ರೊಟ್ಟಿಯ ಜೊತೆ ಕಾಳು, ಮಡಿಕೆ ಹೆಸರು, ಶೇಂಗಾ ಹಿಂಡಿ, ಹಕ್ಕರಿಕಿ ಸೊಪ್ಪು, ಮಜ್ಜಿಗೆ ಇರಲೇಬೇಕೆಂದು ನಮ್ಮವ್ವ ಹಟ ಹಿಡಿಯುತ್ತಿದ್ದದ್ದು ನೆನಪಾಯಿತು. ಒಂದು ಕಾಳನ್ನು ತಿನ್ನಲು ಒಂದು ರೀತಿ ಇರುತ್ತದೆ, ಅದಕ್ಕೆ ಜೊತೆಗಾರರು ಇರುತ್ತಾರೆ. ಆಗ ರೀತಿ ಬಿಟ್ಟು ಕಾಳು ಒಯ್ದರು. ಈಗ ಕಾಳನ್ನೇ ಬಿಟ್ಟು ಅದರ ಬಿಳಿ ಪುಡಿ ಒಯ್ಯುತ್ತಿದ್ದಾರೆ.

ಅಮೆರಿಕದಲ್ಲಿ ಗೋವಿನಜೋಳದ ಪಾಕವನ್ನೇ ಇನ್ನಷ್ಟು ಸಿಹಿ ಮಾಡಿ, 1984ರ ಹೊತ್ತಿಗೆ ದೊಡ್ಡ ದೊಡ್ಡ ತಂಪು ಪಾನೀಯಗಳಿಗೆಲ್ಲ ಸಕ್ಕರೆಯ ಬದಲು ಅದನ್ನೇ ಹಾಕಿದರು, ಅಲ್ಲಿ ಹೊರಗಿನ ಸಕ್ಕರೆಗೆ ಕಟ್ಟಳೆ ಇತ್ತು, ಗೋವಿನಜೋಳ ಅಗ್ಗವಿತ್ತು. ಮೊಬೈಲಿನಲ್ಲಿ ಅದರ ಬಗ್ಗೆ ಬರುವ ವಿಡಿಯೊ ನೋಡಿ ನಮ್ಮ ಹುಡುಗರು ಹೆದರುತ್ತಾರೆ. ಕಬ್ಬು ಬೆಳೆಯುವ ನಮ್ಮ ನಾಡಿನಲ್ಲಿ ತಂಪು ಪಾನೀಯಕ್ಕೆ ಬೀಳುವುದು ಕಬ್ಬಿನ ಸಕ್ಕರೆಯೇ. ನಾವು ನೋಡಿಕೊಳ್ಳಬೇಕಾದ್ದು ಬೇರೆ: ಆರೋಗ್ಯದ ಹೆಸರಿನಲ್ಲಿ ಮುದುಕರಿಗೆ, ಮಕ್ಕಳಿಗೆ, ರೋಗಿಗಳಿಗೆ ಮಾರುವ ಪುಡಿಗಳು.

ನಮ್ಮ ಮನೆಯವರು ಚೀಲ ಹೇರಿಕೊಂಡು ಎಪಿಎಂಸಿಗೆ ಹೋದರೆ, ಕಾಳಿಗೆ ಯಂತ್ರ ಚುಚ್ಚಿ ತೇವಾಂಶ ನೋಡುತ್ತಾರೆ. ಶೇಕಡಾ 14ಕ್ಕಿಂತ ಹೆಚ್ಚು ಬಂದರೆ ದರ ಮುರಿಯುತ್ತಾರೆ. ಕಸ ಎಷ್ಟು, ಒಡಕು ಎಷ್ಟು, ಬೂಸು ಹತ್ತಿದ್ದು ಎಷ್ಟು, ಎಲ್ಲಕ್ಕೂ ಲೆಕ್ಕ. 2025–26ಕ್ಕೆ ಕೇಂದ್ರ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು, ಸುಗ್ಗಿಯಲ್ಲಿ ನಮ್ಮ ಕೈಗೆ ಬಂದದ್ದು ಅದಕ್ಕಿಂತ ಬಹಳ ಕಡಿಮೆ, ಆ ದುಃಖ ಇನ್ನೊಂದು ಪತ್ರಕ್ಕೆ ಇರಲಿ. ರೈತನ ಕೈಯಿಂದ ಕೊಳ್ಳುವಾಗ ಶೇಕಡಾ ಒಂದರ ನೀರಿಗೂ ಲೆಕ್ಕ ಕೇಳುವ ವ್ಯವಸ್ಥೆ, ಅದೇ ಕಾಳು ಪುಡಿಯಾಗಿ ಜನರ ಕೈಗೆ ಬರುವಾಗ ಅದರ ಹೆಸರನ್ನೂ ಪ್ರಮಾಣವನ್ನೂ ಬರೆಸದೆ ಬಿಡುವುದು ಯಾವ ನ್ಯಾಯ? ಅಳೆಯಲು ಬರುತ್ತದೆ ಎಂಬುದಕ್ಕೆ ನಮ್ಮ ಎಪಿಎಂಸಿಯ ಯಂತ್ರವೇ ಸಾಕ್ಷಿ.

ನಾನು ಕೇಳುವುದು ದೊಡ್ಡದೇನಲ್ಲ. ಪಿಷ್ಟ, ಮಾಲ್ಟೋಡೆಕ್ಸ್‌ಟ್ರಿನ್, ಲಿಕ್ವಿಡ್ ಗ್ಲೂಕೋಸ್ ಯಾವ ಬೆಳೆಯದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಬರೆಸಲಿ. ಗೋವಿನಜೋಳ ಒಗ್ಗದ ಮೈಯವರೂ ಇರುತ್ತಾರೆ, ಕಡಿಮೆ ಜನ ಇರಬಹುದು, ಆದರೆ ಅಲರ್ಜಿ ತರುವ ಪದಾರ್ಥಗಳ ಕಡ್ಡಾಯ ಪಟ್ಟಿಯಲ್ಲಿ ಇದು ಇಲ್ಲವಾದ್ದರಿಂದ ಅವರಿಗೆ ತಿಳಿಯುವ ದಾರಿಯೇ ಇಲ್ಲ. 2020ರ ನಿಯಮದಂತೆ ಈಗ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಎಂದು ಎರಡು ಸಾಲು ಬರೆಯುತ್ತಾರೆ. ಅದರ ಕೆಳಗೇ ಮಾಲ್ಟೋಡೆಕ್ಸ್‌ಟ್ರಿನ್ ಎಷ್ಟು ಗ್ರಾಮ್ ಎಂದು ಮೂರನೇ ಸಾಲು ಬರಲಿ. ಸಕ್ಕರೆ ಇಲ್ಲ ಎಂದು ಮುಂದೆ ದಪ್ಪಗೆ ಬರೆಯುವವರು, ರಕ್ತದಲ್ಲಿ ಸಕ್ಕರೆ ಏರಿಸುವ ವಸ್ತು ಒಳಗಿದ್ದರೆ ಅದನ್ನೂ ಅಷ್ಟೇ ದಪ್ಪಗೆ, ಮುಂದೆಯೇ ಬರೆಯಲಿ.

ಇದೆಲ್ಲ ಕನ್ನಡದಲ್ಲಿರಲಿ. ಪೊಟ್ಟಣದ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ಕೇಂದ್ರದ ನಿಯಮಕ್ಕೆ ಸಾಕು, ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲಿ ತಯಾರಾಗಿ ಮಾರಾಟವಾಗುವ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಹೆಸರಿನ ಜೊತೆ ಒಳಗೇನಿದೆ ಎಂಬುದೂ ಕನ್ನಡದಲ್ಲಿ ಬಂದರೆ ಆ ಕಾಯ್ದೆಗೆ ಜೀವ ಬಂದಂತೆ. ನಮ್ಮ ಊರಿನ ಮುದುಕರು ಪೊಟ್ಟಣ ಹಿಡಿದುಕೊಂಡು ಬಂದು, "ಅಕ್ಕಾ, ಇದ್ರಾಗ ಏನೈತಿ, ಓದಿ ಹೇಳವಾ" ಎನ್ನುತ್ತಾರೆ. ಅವರಿಗೆ ಕನ್ನಡ ಓದಲು ಬರುತ್ತದೆ. ನಿಮ್ಮ ಪತ್ರಿಕೆಯನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಕೊನೆಯ ಪುಟದವರೆಗೆ ಓದುವವರೇ ಅವರು.

ಆಗದ ಕೆಲಸ ಎಂದು ಯಾರೂ ಹೇಳಬಾರದು. ಸಕ್ಕರೆ ಪಾನೀಯಗಳ ಡಬ್ಬಿಯ ಮೇಲೆ ಓಆರ್‌ಎಸ್ ಎಂದು ಬರೆದು ಮಾರುತ್ತಿದ್ದುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಆ ಹೆಸರು ಬಳಸಕೂಡದೆಂದು ಆದೇಶ ಹೊರಡಿಸಿತು. ಆ ಸುದ್ದಿ ಬಂದಾಗ ನಮ್ಮ ಅತ್ತೆ ಇನ್ನೂ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದರು. ಒಬ್ಬ ಹೆಣ್ಣುಮಗಳು ಬೆನ್ನು ಹತ್ತಿದರೆ ಒಂದು ಶಬ್ದ ಡಬ್ಬಿಯಿಂದ ಇಳಿಯುತ್ತದೆ ಎಂದು ಗೊತ್ತಾದ ದಿನವೇ ಈ ಪತ್ರ ಬರೆಯಬೇಕು ಎನಿಸಿತು. ರಾಶಿ ಮುಗಿಯುವವರೆಗೆ ಕೈ ಬಿಡುವಾಗಲಿಲ್ಲ.

ಅತ್ತೆ ಈಗ ಸುಧಾರಿಸಿದ್ದಾರೆ. ಇನ್ಸುಲಿನ್ ನಿಂತಿದೆ, ಗುಳಿಗೆ ಮುಂದುವರಿದಿದೆ. ಮುಂಜಾನೆ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ, ಪಕ್ಕಕ್ಕೆ ಒಂದು ಹಿಡಿ ನೆನೆಸಿದ ಮಡಿಕೆ ಕಾಳು ಇಟ್ಟು ಕೊಡುತ್ತೇನೆ. ಎಡಗಣ್ಣಿನ ಮಬ್ಬು ಪೂರ್ತಿ ಹೋಗಿಲ್ಲ, ಹಣತೆಗೆ ಎಣ್ಣೆಯನ್ನು ನಾನೇ ಹಾಕುತ್ತೇನೆ. ಅಂಥ ಡಬ್ಬಿಗಳನ್ನು ತರಿಸುವುದು ಬಿಟ್ಟಿದ್ದೇನೆ. ತಕ್ಕಡಿಯ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ಮಾಲ್ಟೋಡೆಕ್ಸ್‌ಟ್ರಿನ್, ಡೆಕ್ಸ್‌ಟ್ರೋಸ್, ಲಿಕ್ವಿಡ್ ಗ್ಲೂಕೋಸ್, ಕಾರ್ನ್ ಸ್ಟಾರ್ಚ್, ಐಎನ್ಎಸ್ 1422 ಎಂಬ ಮಾತುಗಳನ್ನು ಮಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಎದುರಿಗೆ ಕನ್ನಡದಲ್ಲಿ ಏನು ಎತ್ತ ಎಂದು ಬರೆದಿದ್ದಾಳೆ. ಜನ ಪೊಟ್ಟಣ ಹಿಡಿದು, ಹಾಳೆಯ ಅಕ್ಷರಕ್ಕೂ ಪೊಟ್ಟಣದ ಅಕ್ಷರಕ್ಕೂ ಹೋಲಿಸಿ ನೋಡುತ್ತಾರೆ. ನಿಮ್ಮ ಪತ್ರಿಕೆಯಲ್ಲಿ ಗೋವಿನಜೋಳದ ಧಾರಣೆ ಅಚ್ಚಾಗುವ ಪುಟದಲ್ಲೇ, ವಾರಕ್ಕೊಮ್ಮೆಯಾದರೂ, ಅಂಗೈ ಅಗಲದ ಜಾಗದಲ್ಲಿ ಇಂಥ ಒಂದು ಪಟ್ಟಿ ಹಾಕಲು ಸಾಧ್ಯವೇ? ನಮ್ಮ ಹಾಳೆಯ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

ಇಂತಿ,
ಕಿರಾಣಿ ಅಂಗಡಿಯ ಒಬ್ಬ ಓದುಗಳು,
ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ